ಡಬ್ಬಿಯಲ್ಲಿ ಬಂದ 67 ವಾಟ್ ಚಾರ್ಜರ್, ಫುಲ್ ಆಗೋಕೆ ನಾಲ್ಕು ಗಂಟೆ: ತಪ್ಪು ಕೇಬಲ್‌ದಾ, ಕರೆಂಟ್‌ದಾ?

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ನಮಸ್ಕಾರ ರೀ. ನೆಹರೂ ಗಂಜ್‌ನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಲಾರಿ ಬಂತಾ, ತೂಕ ಎಷ್ಟು, ಪಾರ್ಟಿ ದುಡ್ಡು ಹಾಕಿದರಾ, ಎಲ್ಲಾ ಫೋನಿನಲ್ಲೇ. ಮೊದಲು ಮುಕ್ಕಾಲು ಗಂಟೆಯಲ್ಲಿ ಫುಲ್ ಆಗುತ್ತಿತ್ತು. ಗೋದಾಮಿನ ಇಲಿ ಕೇಬಲ್ ಕಡಿದು ಹಾಕಿತು. ಸೂಪರ್ ಮಾರ್ಕೆಟ್ ಹತ್ತಿರ ಫುಟ್‌ಪಾತ್‌ನಲ್ಲಿ ನೂರು ರೂಪಾಯಿಗೆ ಒಂದು ತಂದೆ. ಮೇಲೆ ದಪ್ಪಗೆ ‘120 ವಾಟ್’ ಅಂತ ಇದೆ. ಅಡಾಪ್ಟರ್ ಮಾತ್ರ ಹಳೇದೇ. ಈಗ ನಾಲ್ಕು ಗಂಟೆ ಹತ್ತಿರ ಹಿಡಿಯುತ್ತಿದೆ.

ನಮ್ಮೂರು ಆಳಂದ ಕಡೆ. ಅಲ್ಲಿ ಕಾಕಾ "ವೋಲ್ಟೇಜ್ ಕಮ್ಮಿ, ಅದಕ್ಕೇ ಹಂಗೆ" ಅಂತಾರೆ. ತಮ್ಮ ಬೇರೆ ಕಂಪನಿಯ 120 ವಾಟ್ ಅಡಾಪ್ಟರ್ ತಗೋ ಅಂತಾನೆ. ಅಷ್ಟು ದೊಡ್ಡದು ಹಾಕಿದರೆ ಬ್ಯಾಟರಿ ಉಬ್ಬಲ್ವಾ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಬೀದರ್ ಬೈಕರ್

ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ ಒರಿಜಿನಲ್ ಕೇಬಲ್ ತಗೊಳ್ಳಿ ಅಣ್ಣ. ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ?

ರಿಪೇರಿ ಟೇಬಲ್, ಕಲಬುರಗಿ

ಬೀದರ್‌ನವರು ಹೇಳಿದ್ದು ಸರಿಯೇ. ಆದರೆ ಯಾಕೆ ಅಂತ ಗೊತ್ತಾಗದಿದ್ದರೆ ಮುಂದಿನ ಇಲಿಯ ನಂತರವೂ ಇವರು ಫುಟ್‌ಪಾತ್‌ಗೇ ಹೋಗುತ್ತಾರೆ.

ಸೇಡಂ ರಸ್ತೆಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. "ಬ್ಯಾಟರಿ ಹೋಗಿದೆ, ಬದಲಾಯಿಸಿ" ಅಂತ ಬರುವ ಎಷ್ಟೋ ಗಿರಾಕಿಗಳ ಬ್ಯಾಟರಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಕೇಬಲ್ ತಂದಿದ್ದೀರಾ ಅಂತ ಕೇಳಿದರೆ ಮುಖ ನೋಡುತ್ತಾರೆ.

ಚಾರ್ಜರ್ ಫೋನಿನೊಳಗೆ ಕರೆಂಟ್ ನುಗ್ಗಿಸುವುದಿಲ್ಲ ಅಣ್ಣ. ಫೋನ್ ಕೇಳುತ್ತದೆ, ಚಾರ್ಜರ್ ಕೊಡುತ್ತದೆ. ಸಿಕ್ಕಿಸಿದ ಕೂಡಲೇ ಎರಡೂ ಕೇಬಲ್ ಮೂಲಕ ಹೆಣ್ಣುಗಂಡಿನ ಕಡೆಯವರ ಹಾಗೆ ಮಾತುಕತೆಗೆ ಕೂರುತ್ತವೆ. ಮಾತು ಕೂಡಿಬಂದರೆ ಫಾಸ್ಟ್. ಮುರಿದರೆ ಹಳೇ 5 ವೋಲ್ಟ್, 2 ಆ್ಯಂಪಿಯರ್‌ಗೆ ಬಂದು ನಿಲ್ಲುತ್ತವೆ, ಅಂದರೆ 10 ವಾಟ್. ಐಫೋನ್, ಪಿಕ್ಸೆಲ್, ಸ್ಯಾಮ್‌ಸಂಗ್‌ನಂಥವು ಯುಎಸ್‌ಬಿ ಪಿಡಿ ಅನ್ನುವ ಎಲ್ಲರಿಗೂ ಸೇರಿದ ಪದ್ಧತಿ ಬಳಸುತ್ತವೆ. ಒಪ್ಪೋದವರು 2014ರಲ್ಲಿ ತಂದ ವೂಕ್ ಅವರ ಸ್ವಂತದ್ದು. 67, 80, 120 ವಾಟ್ ಅಂತ ಡಬ್ಬಿಯಲ್ಲೇ ಚಾರ್ಜರ್ ಇಟ್ಟು ಕೊಡುವ ಬಹಳಷ್ಟು ಫೋನ್‌ಗಳಲ್ಲೂ ಇಂಥ ಸ್ವಂತ ಪದ್ಧತಿಯೇ ಇದೆ. ಅವುಗಳ ಕೇಬಲ್‌ನಲ್ಲೂ ಒಂದು ಗುರುತು ಅಡಗಿರುತ್ತದೆ, ಜಾಸ್ತಿ ಪಿನ್ನೋ ಸಣ್ಣ ಚಿಪ್ಪೋ. ಫುಟ್‌ಪಾತ್ ಕೇಬಲ್‌ನಲ್ಲಿ ಅದು ಎಲ್ಲಿಂದ ಬರಬೇಕು? ‘120 ವಾಟ್’ ಅಂತ ಅಚ್ಚು ಹಾಕೋಕೆ ಯಾರಪ್ಪಣೆಯೂ ಬೇಡ.

ತಮ್ಮ ಹೇಳಿದ ಅಡಾಪ್ಟರ್ ನೆಟ್ಟಗಿದ್ದರೆ ಬ್ಯಾಟರಿ ಉಬ್ಬುವುದಿಲ್ಲ, ಫೋನ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಆದರೆ ಲಾಭವೂ ಇಲ್ಲ. ದುಡ್ಡು ದಂಡ.

ಇನ್ನು ಕಾಕಾ ಅವರಿಗೆ ಅಡಾಪ್ಟರ್‌ನ ಬೆನ್ನು ತೋರಿಸಿ. ಇನ್‌ಪುಟ್ 100-240 ವೋಲ್ಟ್ ಅಂತ ಬರೆದಿರುತ್ತದೆ. ಊರಲ್ಲಿ ವೋಲ್ಟೇಜ್ 170ಕ್ಕೆ ಇಳಿದರೆ ಫ್ಯಾನ್ ತೂಕಡಿಸುತ್ತದೆ, ಚಾರ್ಜರ್‌ಗೆ ಅದರ ಹಂಗಿಲ್ಲ.

ಗಂಜ್ ಗುಮಾಸ್ತ

ಭಾಳ ಉಪಕಾರ ಆಯಿತು ರೀ. ಆದರೆ ಲೆಕ್ಕ ಕೂಡುತ್ತಿಲ್ಲ. ನನ್ನದು 5000 ಎಂಎಎಚ್ ಬ್ಯಾಟರಿ. 10 ವಾಟ್ ಅಂದರೂ ನಾಲ್ಕು ಗಂಟೆ ಯಾಕೆ?

ರಿಪೇರಿ ಟೇಬಲ್

ಗುಮಾಸ್ತರು ಬಿಡಲ್ಲ ನೋಡಿ! 5000 ಎಂಎಎಚ್ ಅಂದರೆ ಸುಮಾರು 19 ವಾಟ್-ಅವರ್. ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ 10 ವಾಟ್‌ಗೆ ಎರಡೂವರೆ ಗಂಟೆ ಚಿಲ್ಲರೆ. ಉಳಿದದ್ದು ಎಲ್ಲಿ ಸೋರಿತು ಅಂತ ಕೇಬಲ್ ಮೈಮೇಲೆಯೇ ಬರೆದಿರಬಹುದು. ಸಣ್ಣ ಅಕ್ಷರ ಇರುತ್ತದೆ, ಬೆಳಕಿಗೆ ಹಿಡಿದು ಓದಿ.

ಗಂಜ್ ಗುಮಾಸ್ತ

‘28ಎಡಬ್ಲ್ಯೂಜಿ/1ಪಿ + 28ಎಡಬ್ಲ್ಯೂಜಿ/2ಸಿ’. ಲಾರಿ ನಂಬರ್ ಇದ್ದಂಗಿದೆ. ಉದ್ದ ಒಂದು ಮೀಟರ್. ಆದರೆ ಕೇಬಲ್ ದಪ್ಪಗೇ ಇದೆ ರೀ, ಮೇಲೆ ಬಟ್ಟೆ ಹೆಣೆದಿದ್ದಾರೆ.

ರಿಪೇರಿ ಟೇಬಲ್

ಬಟ್ಟೆ ಬರೀ ಶೋಕಿ. 1ಪಿ ಅಂದರೆ ಡೇಟಾ ಜೋಡಿ. 2ಸಿ ಅಂದರೆ ಕರೆಂಟ್ ಹೊರುವ ಎರಡು ತಂತಿ. ಎಡಬ್ಲ್ಯೂಜಿ ಅಂದರೆ ತಂತಿಯ ದಪ್ಪದ ಅಳತೆ, ಅದರ ನಂಬರ್ ದೊಡ್ಡದಾದಷ್ಟೂ ತಂತಿ ಸಣ್ಣ. 28 ನಂಬರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. ಹೋಗೋಕೆ ಒಂದು ಮೀಟರ್, ಬರೋಕೆ ಒಂದು, 0.42 ಆಯಿತು. 2 ಆ್ಯಂಪಿಯರ್ ಹರಿಸಿದರೆ 0.84 ವೋಲ್ಟ್ ದಾರಿಯಲ್ಲೇ ಖರ್ಚು. ಫೋನ್ ಹತ್ತಿರ ಬರೋದು 4.2 ವೋಲ್ಟ್ ಕೂಡ ಇಲ್ಲ. ಅಷ್ಟು ಬಿದ್ದರೆ ಫೋನ್ ತಾನಾಗಿಯೇ ಎಳೆಯೋದನ್ನು ಕಮ್ಮಿ ಮಾಡುತ್ತದೆ. ಅಲ್ಲೇ ನಿಮ್ಮ ಗಂಟೆ ಹೋಯಿತು. 24 ನಂಬರ್ ಆಗಿದ್ದರೆ 0.34 ವೋಲ್ಟ್ ಅಷ್ಟೇ ಬೀಳುತ್ತಿತ್ತು.

ಅಂದಹಾಗೆ ದಾಲ್ ಮಿಲ್ ಅಂದಿರಿ. ಫೋನಿನ ಚಾರ್ಜಿಂಗ್ ತೂತಿಗೆ ಒಂದು ಸಲ ಟಾರ್ಚ್ ಬಿಟ್ಟು ನೋಡಿ. ನಿಮ್ಮ ಗಂಜ್‌ನ ಹಮಾಲರೊಬ್ಬರು ಫೋನ್ ತಂದಿದ್ದರು. ಪಿನ್ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ, ಕೈ ತಾಗಿದರೆ ಚಾರ್ಜಿಂಗ್ ನಿಲ್ಲುತ್ತಿತ್ತು. ಕೆದರಿದರೆ ತೊಗರಿ ಹೊಟ್ಟು, ಜೇಬಿನ ನೂಲು ಎಲ್ಲಾ ಸೇರಿ ಹಳದಿ ಬಿರಡೆಯ ಹಾಗೆ ಹೊರಗೆ ಬಂತು. ಫೋನ್ ಆಫ್ ಮಾಡಿ, ಕಟ್ಟಿಗೆಯ ಟೂತ್‌ಪಿಕ್‌ನಿಂದ ಮೆಲ್ಲಗೆ ತೆಗೆಯಿರಿ. ಸೂಜಿ ಹಾಕಬೇಡಿ.

ಯಾದಗಿರಿ ಟೀಚರ್

ಸರ್, ಮಧ್ಯೆ ನನ್ನದೂ ಒಂದು. ನನ್ನ ಸ್ಯಾಮ್‌ಸಂಗ್ 45 ವಾಟ್‌ದು. ಅಡಾಪ್ಟರ್ ಕೂಡ ಅದೇ ಕಂಪನಿಯ 45 ವಾಟ್. ಕೇಬಲ್ ಮೇಲೆ 60 ವಾಟ್ ಅಂತ ಇದೆ, ಒಳ್ಳೆಯ ಕಂಪನಿಯದೇ. ಆದರೂ ಸ್ಕ್ರೀನ್ ಮೇಲೆ ‘ಸೂಪರ್ ಫಾಸ್ಟ್ ಚಾರ್ಜಿಂಗ್’ ಅಂತ ಮಾತ್ರ ಬರುತ್ತದೆ, ‘2.0’ ಬರಲ್ಲ. 45ಕ್ಕಿಂತ 60 ದೊಡ್ಡದು ತಾನೇ?

ರಿಪೇರಿ ಟೇಬಲ್

ಟೀಚರ್, ವಾಟ್ ಬಿಡಿ, ಆ್ಯಂಪಿಯರ್ ನೋಡಿ. ನಿಮ್ಮ ಕೇಬಲ್ ತಾಳುವುದು 3 ಆ್ಯಂಪಿಯರ್. 20 ವೋಲ್ಟ್ ಬಳಸುವ ಲ್ಯಾಪ್‌ಟಾಪ್‌ಗೆ ಹಾಕಿದರೆ 60 ವಾಟ್ ಆಗುತ್ತದೆ, ಅದಕ್ಕೇ ಹಾಗೆ ಬರೆದಿದ್ದಾರೆ. ಸುಳ್ಳೇನಲ್ಲ. ಆದರೆ ನಿಮ್ಮ ಫೋನ್ 45 ವಾಟ್ ಎಳೆಯುವುದು 10 ವೋಲ್ಟ್ ಆಸುಪಾಸಿನಲ್ಲಿ, 3 ಆ್ಯಂಪಿಯರ್ ಮೀರಿ. 5 ಆ್ಯಂಪಿಯರ್ ಕೇಬಲ್ ಬೇಕು. ಅದರೊಳಗೆ ‘ನಾನು 5 ತಾಳುತ್ತೇನೆ’ ಅಂತ ಹೇಳುವ ಇ-ಮಾರ್ಕರ್ ಚಿಪ್ ಇರುತ್ತದೆ. ಚಿಪ್ ಇಲ್ಲದಿದ್ದರೆ ಟೈಪ್-ಸಿ ಚಾರ್ಜರ್ 3 ದಾಟಿಸುವುದಿಲ್ಲ.

ಯಾದಗಿರಿ ಟೀಚರ್

ಈಗ ಗೊತ್ತಾಯಿತು. ಮಧ್ಯಾಹ್ನ ಇನ್ನೂ ನಿಧಾನ ಆಗುತ್ತದೆ ಸರ್, ಅದಕ್ಕೂ ಕೇಬಲ್ ಕಾರಣನಾ?

ರಿಪೇರಿ ಟೇಬಲ್

ಅಲ್ಲ, ಅದು ನಮ್ಮ ಬಿಸಿಲು. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ಮಾಮೂಲು. ಬ್ಯಾಟರಿ ಬಿಸಿಯಾದರೆ ಫೋನ್ ತಾನೇ ವೇಗ ಇಳಿಸುತ್ತದೆ. ದಪ್ಪ ಕವರ್ ತೆಗೆದು, ಹಾಸಿಗೆ ದಿಂಬಿನ ಮೇಲೆ ಇಡದೆ, ನೆಲದ ಮೇಲೋ ಕೂಲರ್ ಗಾಳಿಗೋ ಇಡಿ. 80 ಪರ್ಸೆಂಟ್ ದಾಟಿದ ಮೇಲೆ ಎಲ್ಲ ಫೋನೂ ನಿಧಾನವೇ, ಅದಕ್ಕೆ ಮದ್ದಿಲ್ಲ.

ಗುಮಾಸ್ತರೇ, ಹಳೇ ಅಡಾಪ್ಟರ್ ಎಸೆಯಬೇಡಿ, ಅದು ಚೆನ್ನಾಗಿದೆ. ಕೇಬಲ್ ತರೋಕೆ ಹೋಗುವಾಗ ಅದನ್ನೂ ಒಯ್ಯಿರಿ. ಫೋನಿನಲ್ಲಿ ಚಾರ್ಜ್ ಅರ್ಧಕ್ಕಿಂತ ಕಮ್ಮಿ ಇರಲಿ. ಕೌಂಟರ್‌ನಲ್ಲೇ ಸಿಕ್ಕಿಸಿ, ಮೊದಲಿನ ಫಾಸ್ಟ್ ಚಾರ್ಜಿಂಗ್ ಗುರುತು ಸ್ಕ್ರೀನ್ ಮೇಲೆ ಬಂದರೆ ಮಾತ್ರ ದುಡ್ಡು ಕೊಡಿ.

ಗಂಜ್ ಗುಮಾಸ್ತ

ಸರಿ ರೀ, ನಾಳೆ ಗಂಜ್ ರಜೆ, ಹೋಗಿ ಬರುತ್ತೇನೆ. ಗೋದಾಮಿನ ಇಲಿಗೆ ಏನು ಮಾಡೋದು ಅಂತ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ಹೇಳಿ.