ಬಾವಿಯ ಪಂಪಿಗೆ ಕಟ್ಟಿದ ಹಗ್ಗ ಮೇಲ್ತುದಿಯಲ್ಲೇ ಏಕೆ ತುಂಡಾಯಿತು?

ಪ್ರಶ್ನೆ: ತೋಟದ ತೆರೆದ ಬಾವಿಯಲ್ಲಿ 20 ಕಿಲೋ ತೂಕದ ಸಬ್‌ಮರ್ಸಿಬಲ್ ಪಂಪನ್ನು 12 ಮಿ.ಮೀ. ದಪ್ಪದ ನೀಲಿ ನೈಲಾನ್ ಹಗ್ಗದಿಂದ ಇಳಿಬಿಟ್ಟಿದ್ದೆವು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ, ಕಟ್ಟೆಯ ಮೇಲಿನ ಕಬ್ಬಿಣದ ಅಡ್ಡಪಟ್ಟಿಗೆ ಗಂಟು ಹಾಕಿದ್ದಲ್ಲೇ ಅದು ತುಂಡಾಯಿತು. ನೀರಿನೊಳಗಿದ್ದ ಭಾಗ ಮಾತ್ರ ಹೊಸದರಂತೆಯೇ ಇದೆ. 16 ಮಿ.ಮೀ. ಹಗ್ಗ ತಂದರೆ ಸಾಕೇ?

ಉತ್ತರ: ತುಂಡಾದ ತುದಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ನೀಲಿ ಪುಡಿ ಉದುರಿ, ಎಳೆಗಳು ಒಣಹುಲ್ಲಿನಂತೆ ಮುರಿದರೆ ಅದು ಬಿಸಿಲಿನ ಕೆಲಸ. ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನೈಲಾನ್ ಎನ್ನುವುದು ವಾಡಿಕೆ. ಒಂದು ತುಂಡನ್ನು ಬಕೆಟ್ ನೀರಿನಲ್ಲಿ ಅದ್ದಿ, ಗಾಳಿಯೆಲ್ಲ ಹೋಗುವಂತೆ ಹಿಂಡಿ ಬಿಡಿ. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ತೇಲುತ್ತದೆ.

ಪ್ರಶ್ನೆ: ಪುಡಿ ಉದುರಿತು, ತುಂಡು ತೇಲಿತು. ಹಾಗಾದರೆ ನಿಜವಾದ ನೈಲಾನ್ ಕೊಳ್ಳಬೇಕೇ?

ಉತ್ತರ: ಬೇಡ. ನೈಲಾನ್ ಚೆನ್ನಾಗಿ ಹಿಗ್ಗುತ್ತದೆ. ಅಲೆಯ ಜಗ್ಗಾಟ ತಾಳಬೇಕಾದ ದೋಣಿಯ ಲಂಗರಿಗೆ ಅದೇ ಗುಣ ಬೇಕು, ಆದರೆ ಒಂದೇ ಮಟ್ಟದಲ್ಲಿ ನಿಲ್ಲಬೇಕಾದ ಪಂಪಿಗೆ ಬೇಡ. ಅದೂ ಅಲ್ಲದೆ ನೈಲಾನ್ ನೀರು ಹೀರಿಕೊಂಡು ನೆನೆದಾಗ ಹತ್ತನೇ ಒಂದು ಪಾಲಿನಷ್ಟು ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಗ್ಗ ತನ್ನಿ. ಅದು ಕಡಿಮೆ ಹಿಗ್ಗುತ್ತದೆ, ನೆನೆದರೂ ಬಲ ತಗ್ಗುವುದಿಲ್ಲ, ಬಿಸಿಲನ್ನೂ ಪಾಲಿಪ್ರೊಪಿಲೀನಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ.

ದಪ್ಪದ ವಿಷಯದಲ್ಲಿ ತಾವು ಚಿಂತಿಸಬೇಕಿಲ್ಲ. ಒಂದಿಂಚು ಪೈಪಿನಲ್ಲಿ ಮೀಟರಿಗೆ ಸುಮಾರು ಅರ್ಧ ಲೀಟರ್ ನೀರು ನಿಲ್ಲುವುದರಿಂದ, 12 ಮೀಟರ್ ಆಳಕ್ಕೆ ಪಂಪಿನ ತೂಕದ ಜೊತೆ ಆರು ಕಿಲೋ ಸೇರಿಸಿಕೊಳ್ಳಿ, ಪೈಪಿನ ತೂಕ ಬೇರೆ. 12 ಮಿ.ಮೀ. ಪಾಲಿಪ್ರೊಪಿಲೀನ್ ಹಗ್ಗ ಹೊಸದಾಗಿದ್ದಾಗ ಸುಮಾರು ಎರಡು ಟನ್ ಎಳೆತಕ್ಕೆ ತುಂಡಾಗುವಂಥದ್ದು. ಗಂಟಿನಿಂದ ಅರ್ಧ ಬಲ ಹೋಯಿತೆಂದರೂ ತಮ್ಮ ಪಂಪಿಗೆ ಅದು ಧಾರಾಳವಾಯಿತು. ಸೋತದ್ದು ಬಿಸಿಲು ಬೀಳುವ ಆ ಎರಡು ಅಡಿ ಮಾತ್ರ, ಅದರಲ್ಲೂ ಪಟ್ಟಿಯ ಹರಿತವಾದ ಅಂಚಿಗೆ ತಗುಲಿ, ಪಂಪಿನ ಪ್ರತಿ ನಡುಕಕ್ಕೂ ಉಜ್ಜಿಕೊಳ್ಳುತ್ತಿದ್ದ ಜಾಗ.

ಆದ್ದರಿಂದ ಅಡ್ಡಪಟ್ಟಿಯಿಂದ ನೆರಳು ಬೀಳುವವರೆಗೆ ಸತು ಲೇಪಿಸಿದ ಸರಪಳಿ ಇಳಿಬಿಟ್ಟು, ಹಗ್ಗವನ್ನು ಅಲ್ಲಿಂದ ಆರಂಭಿಸಿ. ಸರಪಳಿಗೆ ಕಟ್ಟುವ ಕುಣಿಕೆಯೊಳಗೆ ಥಿಂಬಲ್ ಎಂಬ, ಹಗ್ಗ ಕೂರುವ ತೋಡುಳ್ಳ ಲೋಹದ ಬಳೆ ಕೂರಿಸಿದರೆ ಉಜ್ಜಾಟ ಹಗ್ಗಕ್ಕೆ ತಾಗದು. ಪಂಪನ್ನು ಮೇಲೆತ್ತುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ವಿದ್ಯುತ್ ಕೇಬಲನ್ನು ಹಿಡಿದು ಎಂದೂ ಎಳೆಯಬೇಡಿ.