ಅಪ್‌ಡೇಟ್: ಅಪ್ಪನಿಗೆ ಟ್ರೋಪೋನಿನ್ ಪರೀಕ್ಷೆ ಎರಡು ಸಲ ಏಕೆ ಮಾಡಿದರು

ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್ ಆದ ಟ್ರೋಪೋನಿನ್‌ನ ಮೊದಲ ವರದಿ ನಾರ್ಮಲ್ ಬಂದರೂ ಉಡುಪಿಯ ಆಸ್ಪತ್ರೆಯಲ್ಲಿ ಅಪ್ಪನನ್ನು ಮನೆಗೆ ಬಿಡದೆ ಮತ್ತೆ ರಕ್ತ ತೆಗೆದದ್ದೇಕೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಹೃದಯದ ಸ್ನಾಯುವಿಗೆ ಹಾನಿಯಾದ ಮೇಲೆ ಈ ಪ್ರೋಟೀನ್ ರಕ್ತದಲ್ಲಿ ಸ್ಪಷ್ಟವಾಗಿ ಏರಲು ಕೆಲವು ಗಂಟೆಗಳೇ ಹಿಡಿಯಬಹುದಾದ್ದರಿಂದ, ಎದೆನೋವು ಶುರುವಾದ ಕೂಡಲೇ ಬಂದವರಲ್ಲಿ ಒಂದೇ ವರದಿಯನ್ನು ನೆಚ್ಚಿಕೊಳ್ಳುವಂತಿಲ್ಲ ಎಂದು ವೈದ್ಯರು ವಿವರಿಸಿದರು. ಅತಿ ಕಡಿಮೆ ಪ್ರಮಾಣವನ್ನೂ ಗುರುತಿಸಬಲ್ಲ ಹೈ ಸೆನ್ಸಿಟಿವಿಟಿ ಪರೀಕ್ಷೆಯಾದರೆ 1ರಿಂದ 3 ಗಂಟೆಗಳೊಳಗೆ ಮರುಪರೀಕ್ಷೆ ಸಾಧ್ಯವಂತೆ. ಅಪ್ಪನ ಮೊದಲ ವರದಿಯಲ್ಲಿ ಲೀಟರಿಗೆ 11 ನ್ಯಾನೋಗ್ರಾಂ ಇದ್ದದ್ದು ಎರಡನೆಯದರಲ್ಲಿ 96 ಆಗಿತ್ತು, ಇಸಿಜಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ.

ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯಲ್ಲೂ ಟ್ರೋಪೋನಿನ್ ಹೆಚ್ಚಿರಬಹುದು, ಆದರೆ ಅಲ್ಲಿ ಅದು ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಇಷ್ಟು ಬೇಗ ಏರಿದ್ದೇ ವೈದ್ಯರನ್ನು ಎಚ್ಚರಿಸಿತು. ಆಂಜಿಯೋಗ್ರಾಂನಲ್ಲಿ ರಕ್ತನಾಳವೊಂದು ಬಹುತೇಕ ಕಟ್ಟಿಕೊಂಡಿದ್ದು ಕಂಡು ಸ್ಟೆಂಟ್ ಅಳವಡಿಸಿದ್ದಾರೆ. ಆ ಕಾಯುವಿಕೆ ನಮಗೆ ಅಸಹನೀಯವಾಗಿತ್ತು, ಆದರೂ ಅವರು ಕಾಯಿಸಿದ್ದು ಸರಿ.