ಅಪ್‌ಡೇಟ್: ಕಲಬುರಗಿಯಲ್ಲಿ ಶಾಲೆ ಮೊದಲು, ಮನೆ ಆಮೇಲೆ

ಪತಿಯವರಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ್ದರಿಂದ ಧಾರವಾಡ ಬಿಡುತ್ತಿರುವ ನಾವು, ಮಕ್ಕಳ ಶಾಲೆಯ ದೃಷ್ಟಿಯಿಂದ ಕಲಬುರಗಿಯ ಯಾವ ಬಡಾವಣೆಯಲ್ಲಿ ಮನೆ ಹಿಡಿಯುವುದು ಒಳ್ಳೆಯದೆಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಕಡಗಂಚಿಗೆ ಹೋಗುವ ಆಳಂದ ರಸ್ತೆಯಲ್ಲೇ ಮನೆ ಮಾಡಿದ್ದರೆ ಪತಿಯವರ ಓಡಾಟ ಸುಲಭವಾಗುತ್ತಿತ್ತು. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಕ್ಕಳನ್ನು ವ್ಯಾನಿನೊಳಗೆ ಊರೆಲ್ಲ ಸುತ್ತಿಸುವುದು ನನಗೆ ಒಪ್ಪಿಗೆಯಾಗದ ಕಾರಣ, ಮೊದಲು ಶಾಲೆಯನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಇಎಸ್‌ಐ ಆಸ್ಪತ್ರೆಯಿರುವ ಸೇಡಂ ರಸ್ತೆಯ ಕಡೆ ಮನೆ ಹಿಡಿದೆವು.

ಗೇಟಿನ ಮೇಲೆ ತೂಗುಹಾಕಿದ ರ‍್ಯಾಂಕ್ ವಿಜೇತರ ಫ್ಲೆಕ್ಸ್‌ಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರನೇ ತರಗತಿಯ ಕನ್ನಡ ನೋಟ್‌ಬುಕ್ ತೋರಿಸಿ ಎಂದಾಗ ಒಂದು ಶಾಲೆಯವರು ಮಾತು ಮರೆಸಿದರು; ಈಗ ಸೇರಿಸಿರುವ ಶಾಲೆಯವರು ಕೂಡಲೇ ತಂದಿಟ್ಟರು. ಪುಟಪುಟದಲ್ಲೂ ಒತ್ತಕ್ಷರದ ತಪ್ಪುಗಳನ್ನು ತಿದ್ದಿ, ಕೆಳಗೆ ಮಗುವಿನಿಂದಲೇ ಮತ್ತೆ ಬರೆಯಿಸಿದ್ದರು. ನನಗೆ ಅಷ್ಟು ಸಾಕಾಯಿತು.

ನೀರಿನ ಕುರಿತು ನೀವು ಕೊಟ್ಟ ಎಚ್ಚರಿಕೆಯೂ ಉಪಯೋಗಕ್ಕೆ ಬಂತು. ನಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ, ಸಂಪ್ ಇಲ್ಲದ ಮನೆಗಳನ್ನು ಬಾಡಿಗೆ ಕಡಿಮೆಯಿದ್ದರೂ ಕೈಬಿಟ್ಟೆವು.